ವೈನಿಯ ಸುತ್ತ ಒಂದು ನಕಾಶೆ

ನಾನು ವಂದನಾರ್ಪಣೆಯ ಮನುಷ್ಯ. ಜಮಖಂಡಿಯ ನಮ್ಮ ಹೈಸ್ಕೂಲಿನಲ್ಲಿ ಯಾವ ಸಮಾರಂಭವಾದರೂ ಭಾಷಣ ಬಲ್ಲವರಿಗೆ, ನಿರೂಪಣೆ ದನಿ ಚೆನ್ನಾಗಿದ್ದವರಿಗೆ, ವಂದನಾರ್ಪಣೆ ನನಗೆ ಎಂದು ಹಂಚಿಹೋಗಿದೆ. ನಾನು ಮೈಕಿನ ಹತ್ತಿರ ಬರುವುದಕ್ಕೂ ಜನ ಎದ್ದು ಚಪ್ಪಲಿ ಹುಡುಕುವುದಕ್ಕೂ ಸರಿಹೋಗುತ್ತದೆ. ಇದರಲ್ಲಿ ಒಂದು ಅನುಕೂಲವೂ ಉಂಟು. ಯಾರೂ ಕೇಳುವುದಿಲ್ಲವಾದ್ದರಿಂದ ಹೇಗೆ ಮಾತಾಡಿದರೂ ನಡೆಯುತ್ತದೆ.

ಕಳೆದ ತಿಂಗಳು ಮಾತ್ರ ಪೇಚಿಗೆ ಸಿಕ್ಕಿಕೊಂಡೆ. ಬನಹಟ್ಟಿಯಲ್ಲಿರುವ ನನ್ನ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಅರವತ್ತು ತುಂಬುವ ದಿನ ಮನೆಮಂದಿಯೆಲ್ಲ ಸೇರಿ ಊಟ ಇಟ್ಟುಕೊಂಡಿದ್ದರು. "ಕಾಕಾ, ಅವ್ವನ ಬಗ್ಗೆ ನೀವ ಮಾತಾಡಬೇಕ್ರಿ. ಆಕಿ ಕೈಯಾಗ ಬೆಳದಾವ್ರು ನೀವ ಅಲ್ಲೇನ್ರಿ?" ಎಂದು ಅಣ್ಣನ ಮಗಳು ಸಾವಿತ್ರಿ ಫೋನಿನಲ್ಲಿ ಅಪ್ಪಣೆ ಮಾಡಿದಳು. ಮಾತು ಖರೆ. ನಮ್ಮವ್ವ ತೀರಿಕೊಂಡ ವರ್ಷವೇ ಮದುವೆಯಾಗಿ ಬಂದ ವೈನಿ, ಚಿಕ್ಕ ಮೈದುನನನ್ನು ಮಗನ ಹಾಗೆ ಬೆಳೆಸಿದರು.

ಆದರೆ ಮನೆಯವರಿಗೆ ಧನ್ಯವಾದ ಹೇಳುವ ರೂಢಿ ನಮ್ಮಲ್ಲಿ ಎಲ್ಲಿದೆ? ಬಡಿಸಿದವರಿಗೆ 'ಥ್ಯಾಂಕ್ಸ್' ಅಂದು ನೋಡಿ, ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿದೆಯೇನೋ ಎಂದು ಅನುಮಾನಪಡುತ್ತಾರೆ. ಊರಿನ ಅತಿಥಿಗಳಿಗೆಲ್ಲ ಹೃತ್ಪೂರ್ವಕ ವಂದನೆ ಹಂಚಿದ ಬಾಯಿ ವೈನಿಗೆ ಒಮ್ಮೆಯೂ ಒಂದು ಮಾತು ಹೇಳಿರಲಿಲ್ಲ. ಈಗಲೂ ಹೇಳದಿದ್ದರೆ ಇನ್ನು ಯಾವಾಗ ಹೇಳುವುದು?

ನನ್ನ ಒದ್ದಾಟ ನೋಡಿ ವಿಜ್ಞಾನ ಕಲಿಸುವ ಶಬಾನಾ ಟೀಚರು, "ಸರ್, ಮೈಂಡ್ ಮ್ಯಾಪ್ ಮಾಡ್ರಿ. ಹಾಳಿ ನಡುವ ವಿಷಯ ಬರದು, ಹೊಳದದ್ದನ್ನ ಸುತ್ತ ಟೊಂಗಿ ಟೊಂಗಿ ಮಾಡಿ ಬರಕೋಂತ ಹೋಗ್ರಿ. ಸರಿ-ತಪ್ಪು ನೋಡಬ್ಯಾಡ್ರಿ" ಅಂದರು. ಮ್ಯಾಪಿಗೆ ನಮ್ಮ ಕಡೆ ನಕಾಶೆ ಎನ್ನುತ್ತಾರೆ. ಹೊಲದ ಬದುವಿನ ಜಗಳ ಬಂದಾಗಲಷ್ಟೇ ಅದು ಹೊರಗೆ ಬರುತ್ತದೆ. ಮನಸ್ಸಿನ ನಕಾಶೆ ಹಾಗಲ್ಲ. ಅದು ಕುಂಬಳಬಳ್ಳಿಯ ಜಾತಿ, ನೆಟ್ಟದ್ದು ನಮ್ಮ ಹಿತ್ತಲಲ್ಲಿ, ಕಾಯಿ ಬಿಡುವುದು ಪಕ್ಕದವರ ಮಾಳಿಗೆಯ ಮೇಲೆ. ಯೋಚಿಸಿದರೆ ನಮ್ಮ ಪುರಾಣ ಹೇಳುವವರು ಇದನ್ನು ಹಾಳೆಯಿಲ್ಲದೆ ಮಾಡುತ್ತಿದ್ದರು. ಒಂದು ಪದ್ಯ ಹಿಡಿದು ಹೊರಟು, ಕಾಶಿ, ಸಂತೆ, ಅತ್ತೆ-ಸೊಸೆ ಜಗಳ ಎಲ್ಲ ಸುತ್ತಿ, ಮಂಗಳಾರತಿಯ ಹೊತ್ತಿಗೆ ಅದೇ ಪದ್ಯಕ್ಕೆ ಬಂದು ನಿಲ್ಲುತ್ತಿದ್ದರು.

ಹಾಳೆಯ ನಡುವೆ 'ವೈನಿ' ಎಂದು ಬರೆದೆ. ಮೊದಲು 'ರೊಟ್ಟಿ' ಎಂಬ ಟೊಂಗೆ ಒಡೆಯಿತು. ರೊಟ್ಟಿಯಿಂದ ಮುಧೋಳದ ಬಸ್ಸು. ನಾನು ಮರೆತ ಬುತ್ತಿಗಂಟನ್ನು ಕಿಟಕಿಯಲ್ಲಿ ಕೊಡಲು ವೈನಿ ಬಸ್ಸಿನ ಜೊತೆ ಓಡಿದ್ದು. ಮುಧೋಳದಿಂದ ನಾಯಿ, ನನ್ನನ್ನು ಅಟ್ಟಿಸಿಕೊಂಡು ಬಂದ ಮುಧೋಳ ತಳಿಯ ಬೇಟೆನಾಯಿಯೊಂದನ್ನು ವೈನಿ ಖಾಲಿ ಕೊಡ ಎತ್ತಿ ಹೆದರಿಸಿದ್ದು. ಇನ್ನೊಂದು ಕಡೆ 'ಮಗ್ಗ'. ಮನೆಯಲ್ಲಿ ಹಗಲೆಲ್ಲ ಪಾವರ್‌ಲೂಮಿನ ಸದ್ದು. ನನ್ನ ಪರೀಕ್ಷೆ ಬಂದಾಗ ವೈನಿ ಅಣ್ಣನೊಡನೆ ಜಗಳವಾಡಿ, ಸಂಜೆಯಾಗುತ್ತಲೇ ಮಗ್ಗ ನಿಲ್ಲಿಸಿ ನನ್ನನ್ನು ಓದಲು ಕೂಡಿಸುತ್ತಿದ್ದರು. ಇದನ್ನು ನಾನು ಪೂರಾ ಮರೆತೇಬಿಟ್ಟಿದ್ದೆ. ಬರೆಯುತ್ತ ಕಣ್ಣು ತುಂಬಿ ಬಂತು.

ಹಾಳೆ ತುಂಬಿದ ಮೇಲೆ ನೋಡಿದರೆ ನಡುವೆ ಕುಳಿತವರು ವೈನಿ, ಟೊಂಗೆಗಳ ತುದಿಯಲ್ಲೆಲ್ಲ ನಾನೇ. ನನ್ನ ಬುತ್ತಿ, ನನ್ನ ಬಸ್ಸು, ನನ್ನ ಪರೀಕ್ಷೆ. ಇದು ಸರಿಯಲ್ಲ ಎನ್ನಿಸಿ, 'ವೈನಿಗೆ ಇಷ್ಟವಾದದ್ದು' ಎಂದು ಹೊಸ ಟೊಂಗೆ ಎಳೆದೆ. ಅದರ ತುದಿಗೆ ಬರೆಯಲು ಏನೂ ಹೊಳೆಯಲಿಲ್ಲ. ಸಾಲು ಹಿಡಿದು ಭಾಷಣ ಬರೆದಿದ್ದರೆ ಆ ಖಾಲಿ ಜಾಗವನ್ನು 'ತ್ಯಾಗಮಯಿ', 'ಕರುಣಾಮಯಿ' ಎಂದು ಮುಚ್ಚಿಬಿಡುತ್ತಿದ್ದೆ. ನಕಾಶೆಯಲ್ಲಿ ಅದು ಬರಿದಾಗಿಯೇ ಉಳಿಯಿತು. ಅದಕ್ಕಾಗಿ ಶಬಾನಾ ಟೀಚರ ಉಪಕಾರ ದೊಡ್ಡದು.

ಭಾನುವಾರ ಹಾಳೆ ಹಿಡಿದುಕೊಂಡು ಬನಹಟ್ಟಿಗೆ ಹೋದೆ. ವೈನಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸೆರಗಿನ ಡಿಜೈನ ಏನಪಾ ಇದು?" ಎಂದರು. ಮಗ್ಗಗಳ ಸದ್ದಿನಲ್ಲಿ ನಾನು ಕೂಗಿ ಕೇಳಿದೆ, "ವೈನಿ, ನಿಮಗ ಏನ್ ಬೇಕ್ರಿ?"

"ನೇಕಾರರ ಮನಿಗೆ ಸೀರಿ ಅಂತೂ ತರಬ್ಯಾಡ" ಎಂದು ನಕ್ಕರು. ಆಮೇಲೆ ಅವರೂ ಕೂಗಿಯೇ ಹೇಳಿದರು, "ಈ ಖಟಖಟ ಇಲ್ಲದಲ್ಲಿ ಹೋಗಿ ಒಂದ್ ತಾಸ ಸುಮ್ನ ಕುಂದ್ರಬೇಕ ನೋಡಪಾ. ಈ ಮನಿಗೆ ಬಂದಾಗಿಂದ ಹಂಗ ಕುಂತ ಇಲ್ಲ."

ಅರವತ್ತು ತುಂಬಿದ ದಿನ, ಊಟದ ಹೊತ್ತಿಗೆ ಕರೆತರುತ್ತೇನೆಂದು ಸಾವಿತ್ರಿಗೆ ಹೇಳಿ, ಮುಂಜಾನೆಯೇ ವೈನಿಯನ್ನು ಚಿಕ್ಕಪಡಸಲಗಿಯ ಬ್ಯಾರೇಜಿಗೆ ಕರೆದುಕೊಂಡು ಹೋದೆ. ಕೃಷ್ಣೆ ತುಂಬಿ ನಿಂತಿದ್ದಳು. ವೈನಿ ದಂಡೆಯ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತರು. ಹೇಳಲು ಇದೇ ಹೊತ್ತು ಎನ್ನಿಸಿ, ಕಿಸೆಯಿಂದ ಹಾಳೆ ತೆಗೆದು, ಗಂಟಲು ಸರಿಮಾಡಿಕೊಂಡು, "ವೈನಿ, ನೀವು ನನಗ..." ಎಂದು ಶುರುಮಾಡಿದೆ.

"ಗೊತ್ತೈತಿ ತಮ್ಮಾ. ಈಗ ಸುಮ್ನ ಕುಂದ್ರು."

ಹಾಳೆ ಮಡಚಿ ಪಕ್ಕದಲ್ಲಿ ಕುಳಿತೆ. ಬಿಸಿಲು ಏರುವವರೆಗೂ ಇಬ್ಬರೂ ಮಾತಾಡಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ವಂದನಾರ್ಪಣೆಗೆ ಕೊನೆಯವರೆಗೂ ಕುಳಿತವರು ಅವರೊಬ್ಬರೇ.