ಕುರ್ಚಿ ಎಲ್ಲಿ ಹಾಕಲಿ

ಬೆಳಿಗ್ಗೆ ನೌಬಾದದಲ್ಲಿ ಬಸ್ಸು ಹತ್ತುವಾಗ ಹೆಗಲಿಗೆ ಬಿ.ಪಿ. ನೋಡುವ ಯಂತ್ರದ ಚೀಲ, ಕೈಯಲ್ಲಿ ರೊಟ್ಟಿ, ಪುಂಡಿಪಲ್ಯದ ಡಬ್ಬಿ. ಭಾಲ್ಕಿಯಲ್ಲಿ ಬಸ್ಸು ಬದಲಿಸಿ, ಕಮಲನಗರ ದಾಟಿ, ನಾನು ನರ್ಸಾಗಿರುವ ಹಳ್ಳಿಗೆ ಇಳಿಯುವ ಹೊತ್ತಿಗೆ ಪಲ್ಯದ ಎಣ್ಣೆ ಹೇಗೋ ಡಬ್ಬಿಯ ಹೊರಗೆ ಬಂದಿರುತ್ತದೆ. ದಿನವೂ ಒರೆಸುತ್ತೇನೆ. ಆದರೆ ಆ ತಿಂಗಳು ಅದನ್ನು ಒರೆಸುವ ವ್ಯವಧಾನವೂ ಇರಲಿಲ್ಲ. ಒಬ್ಬ ಹುಡುಗಿಯ ಬಾತ ಪಾದಗಳು ಬಸ್ಸಿನಲ್ಲೂ ಕಣ್ಣ ಮುಂದೆ ಇರುತ್ತಿದ್ದವು.

ಅಂಗನವಾಡಿಯ ಛತ್ತು ಸೋರತೊಡಗಿದ ಮೇಲೆ ಗರ್ಭಿಣಿಯರ ತಪಾಸಣೆ, ಕೂಸುಗಳ ಲಸಿಕೆ ಎಲ್ಲವೂ ಮಾರುತಿ ಗುಡಿಯ ಮಗ್ಗುಲ ಮಂಟಪಕ್ಕೆ ಬಂದಿತ್ತು. ಅಲ್ಲಿ ಫ್ಯಾನಿತ್ತು, ನಳವಿತ್ತು. ಬುದ್ಧವಿಹಾರದ ಓಣಿಯಿಂದ ಮಾತ್ರ ಒಬ್ಬ ಹೆಂಗಸೂ ಬರಲಿಲ್ಲ. ಮುಸ್ಲಿಂ ಮನೆಯವರು ಕಟ್ಟೆಯ ಕೆಳಗೆ ನಿಂತು ಕೂಸನ್ನಷ್ಟೇ ಮೇಲಕ್ಕೆ ಎತ್ತಿ ಕೊಡುತ್ತಿದ್ದರು. ಬರಬೇಡಿ ಎಂದು ಯಾರೂ ಅಂದಿರಲಿಲ್ಲ. ಬನ್ನಿ ಎಂದೂ ಯಾರೂ ಅಂದಿರಲಿಲ್ಲ. ಭಾನುವಾರ ಚರ್ಚಿಗೆ ಹೋಗುವ ನನಗೆ ಮಾತ್ರ, ಸರ್ಕಾರದವಳೆಂದು, ಮಂಟಪದ ನಟ್ಟನಡುವೆ ಕುರ್ಚಿ.

ಅದಕ್ಕೇ ಒಂದು ಮಧ್ಯಾಹ್ನ ಚೀಲ ಹೊತ್ತು ವಿಹಾರದ ಓಣಿಗೆ ನಾನೇ ಹೋದೆ. ಅಲ್ಲಿ ಆ ಹುಡುಗಿ ಇದ್ದಳು. ಬೀದರಿನಲ್ಲಿ ಗಂಡನ ಮನೆ, ಖಾಸಗಿ ಶಾಲೆಯಲ್ಲಿ ಟೀಚರು, ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ತುಂಬಿದ ಎಂಟು ತಿಂಗಳು. ಬಿ.ಪಿ. ತುಸು ಏರಿತ್ತು. ವಾರವಾರ ನೋಡಲೇಬೇಕು ಎಂದೆ. ಅವಳ ತಾಯಿ ಚಹಾ ಕೊಟ್ಟು, ಬಸುರಿಯ ಕಾಲಿಗೆ ನೀರಿಳಿಯುವುದು ಇದ್ದದ್ದೇ ಎಂದು ನನಗೇ ಸಮಾಧಾನ ಹೇಳಿದಳು.

ಮುಂದಿನ ವಾರ ಮಂಟಪದಲ್ಲಿ, ಸೊಸೆಯನ್ನು ಕರೆತಂದಿದ್ದ ಒಬ್ಬ ಮುದುಕಿ ಎಲ್ಲರಿಗೂ ಕೇಳುವಂತೆ ಅಂದಳು:

"ಅವರಿಗಿ ಮನಿ ಬಾಗಲಿಗಿ ಹೋಗಿ ನೋಡ್ತೀರಿ. ನಮ್ಮ ಸೊಸಿ ಬಿಸಲಾಗ ನಡದು ಬಂದು ಸಾಲಿನ್ಯಾಗ ಕುಂತಾಳ. ಎಲ್ಲಾರಿಗೂ ಒಂದೇ ಅಂತೀರಲ್ಲ ನರ್ಸಬಾಯಿ, ಇದೇನ್ರಿ ಹಂಗಾದ್ರ?"

ಮುದುಕಿಯ ಸೊಸೆಯೂ ದಿನ ತುಂಬುತ್ತಿದ್ದವಳೇ. ಅವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದೆ. ಮುದುಕಿಯ ಮಾತು ನನಗಿಂತ ಮೊದಲೇ ವಿಹಾರದ ಓಣಿ ಮುಟ್ಟಿತ್ತು. ನಾನು ಹೋದಾಗ ಹುಡುಗಿ ಬಾಗಿಲಲ್ಲೇ ನಿಂತಿದ್ದಳು.

"ನಾ ಗುಡಿ ಮಂಟಪಕ್ಕ ಬರಂಗಿಲ್ಲ ಸಿಸ್ಟರ್. ಅಲ್ಲಿ ನಮ್ಮಜ್ಜ ಹೊರಗ ನಿಂತು ಹೋಗ್ಯಾನ. ನೀವೂ ಮನಿಗಿ ಬರೋದು ಬ್ಯಾಡ್ರಿ. ಉಪಕಾರ ಮಾಡಿಸ್ಕೊಂಡಾಳ ಅಂತ ನಾಳೆ ಅನ್ನೋರು ಅವರೇ. ಎಲ್ಲಾರೂ ಬರೋ ಜಾಗಾ ಮಾಡ್ರಿ, ಸಾಲಿನ್ಯಾಗ ನಿಂತು ತೋರಸ್ಕೋತೀನಿ."

"ಅಲ್ಲೀ ತನಕಾ ಈ ಕಾಲು ಯಾರು ನೋಡ್ಬೇಕು?"

"ಕಾಲು ನನ್ನವೇ ಅದಾವಲ್ಲ, ನೋಡ್ಕೋತೀನಿ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆ ವಾರ ಎಲ್ಲೂ ನೆಟ್ಟಗೆ ಕೂರಲಾಗಲಿಲ್ಲ. ನೌಬಾದದ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತವಳು ಎದ್ದು ಅವಳ ತಾಯಿಗೆ ಫೋನು ಮಾಡುತ್ತಿದ್ದೆ. ತಲೆನೋವು ಇದೆಯೇ, ಕಣ್ಣು ಮಂಜಾಗುತ್ತಿದೆಯೇ? ಇಲ್ಲ ಎಂದರೂ ನಂಬಿಕೆಯಿಲ್ಲ. ಔರಾದಿನ ಆರೋಗ್ಯ ಇಲಾಖೆಯ ಕಚೇರಿಗೆ ಹೋಗಿ ಜಾಗ ಬದಲಿಸಲು ಕೇಳಿದೆ. ಪಟ್ಟಿಯಲ್ಲಿ ಎಲ್ಲ ಓಣಿಗಳ ಹೆಸರೂ ಇದೆಯಲ್ಲ, ಮತ್ತೇನು ಎಂದರು ಸಾಹೇಬರು. ಹೆಸರಿದೆ ಸರ್, ಹೆಂಗಸರಿಲ್ಲ ಎಂದೆ. ಕಡೆಗೆ, ಸ್ವಲ್ಪ ದಿನ ಮಾಡಿ ನೋಡಿ ಎಂದರು.

ಊರಿನ ಸರ್ಕಾರಿ ಶಾಲೆಯ ವರಾಂಡ ಸಿಕ್ಕಿತು. ಆದರೆ ಅದು ಖಾಲಿಯಿರುವುದು ಶನಿವಾರ ಮಧ್ಯಾಹ್ನ ಮಾತ್ರ. ಶನಿವಾರ ಮಾರುತಿಯ ವಾರ, ಗುಡಿ ಓಣಿಯವರಿಗೆ ಉಪವಾಸ. ಈಗ ಅವರ ಮುಖ ಬಿಗಿಯಿತು. ಕುರ್ಚಿ ಎಲ್ಲಿ ಹಾಕಿದರೂ ಒಬ್ಬರಿಗೆ ಅದರ ಕಾಲು ಚುಚ್ಚುತ್ತಿತ್ತು.

ಮೊದಲ ಶನಿವಾರ ವರಾಂಡದಲ್ಲಿ ಒಬ್ಬಳೇ ಕೂತು ಗೇಟು ನೋಡಿದೆ. ಎದ್ದು ಅಡ್ಡಾಡಿದೆ. ಮೊದಲು ಬಂದವರು ಮುಸ್ಲಿಂ ಮನೆಯವರು, ಕೂಸುಗಳ ಜೊತೆ ತಾವೂ ಮೇಲೆ ಬಂದರು. ಬಿಸಿಲಿಗೆ ಸೆರಗು ಹೊದ್ದು, ಗೊಣಗುತ್ತಲೇ, ಸೊಸೆಯೊಂದಿಗೆ ಆ ಮುದುಕಿಯೂ ಬಂದಳು. ಕಡೆಗೆ ಬಂದಳು ಹುಡುಗಿ. ಬೆಂಚಿನ ತುದಿಯಲ್ಲಿ ಕೂತಳು. ಚಪ್ಪಲಿಯ ಪಟ್ಟಿ ಪಾದದ ಮಾಂಸದೊಳಗೆ ಹೂತುಹೋಗಿತ್ತು. ಮುಖವೂ ಊದಿತ್ತು.

ಮುಂದೆ ಬಾ ಎಂದು ಕೈ ಮಾಡಿದೆ. ಬರಲೊಲ್ಲೆನೆಂದು ತಲೆಯಾಡಿಸಿದಳು. ಸಾಲು ಕೇಳಿದವಳೇ ತಾನು, ಸಾಲು ಮುರಿಯುವುದು ಹೇಗೆ? ನನ್ನೆದುರು ಅಳುವ ಕೂಸಿತ್ತು, ಅದರ ತೊಡೆಗೆ ಸೂಜಿ ಚುಚ್ಚುವಾಗಲೂ ಕಣ್ಣು ಬೆಂಚಿನ ತುದಿಯಲ್ಲೇ ಇತ್ತು. ಅವಳು ಎರಡು ಬೆರಳಿನಿಂದ ಹಣೆ ಒತ್ತಿಕೊಂಡಳು. ಸೂಜಿ ಡಬ್ಬಿಗೆ ಹಾಕಿ ಎದ್ದೆ. ಯಂತ್ರ ಎತ್ತಿಕೊಂಡು ಬೆಂಚಿನ ತುದಿಗೇ ಹೋದೆ.

"ನಂದಿನ್ನೂ ಪಾಳಿ ಬಂದಿಲ್ಲರಿ," ಎಂದಳು.

"ಸುಮ್ನ ಕೈ ಚಾಚವ್ವ."

ಪಟ್ಟಿಯಿಂದ ಗಾಳಿ ಬಿಡತೊಡಗಿದ ಕೂಡಲೇ ಕಿವಿಯಲ್ಲಿ ನಾಡಿಬಡಿತ ಶುರುವಾಯಿತು, ಬಿ.ಪಿ. ಇರಬೇಕಾದ್ದಕ್ಕಿಂತ ಎಷ್ಟೋ ಮೇಲೆ. ಇನ್ನೊಮ್ಮೆ ನೋಡಿದೆ. ಅಷ್ಟೇ ಇತ್ತು. ಅವಳಿಂದ ತರಿಸಿದ ಮೂತ್ರದಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿ ಹಸಿರಾಯಿತು, ಪ್ರೋಟೀನು ಹೋಗುತ್ತಿತ್ತು. ಆಂಬುಲೆನ್ಸ್ ಗಾಡಿಗೆ ಫೋನು ಹಚ್ಚುವಾಗ ಹಿಂದಿನಿಂದ ಮುದುಕಿಯ ದನಿ:

"ನೋಡ್ರಿ, ಮತ್ತ ಅವಳದೇ ಮೊದಲು."

ತಿರುಗಿ, ಅವಳ ಕೂಸಿನ ಜೀವಕ್ಕೂ ಅವಳ ಜೀವಕ್ಕೂ ಅಪಾಯ ಇದೆ ಎಂದಷ್ಟೇ ಹೇಳಿದೆ. ಮುದುಕಿ ಹುಡುಗಿಯ ಪಾದ ನೋಡಿದಳು. ಆಮೇಲೆ ತನ್ನ ಸೊಸೆಯ ಸೀರೆಯ ಅಂಚನ್ನು ಮೇಲೆತ್ತಿ ಅವಳ ಪಾದಗಳನ್ನೂ ನೋಡಿದಳು.

"ಇವಳವು ನೆಟ್ಟಗ ಅದಾವೇನ್ರಿ?" ಎಂದಳು, ದನಿ ಇಳಿಸಿ.

ನೆಟ್ಟಗಿದ್ದವು.

ಭಾಲ್ಕಿಯ ಆಸ್ಪತ್ರೆಯವರೆಗೆ ಗಾಡಿಯಲ್ಲಿ ಹುಡುಗಿ, ಅವಳ ತಾಯಿಯ ಜೊತೆಗೇ ಹೋದೆ. ಸಂಜೆ ಸಿಸೇರಿಯನ್ ಆಯಿತು. ಹೆಣ್ಣುಕೂಸು, ಹಗುರ, ಆದರೆ ಅತ್ತಿತು. ಹುಡುಗಿಗೆ ಇನ್ನೂ ಮಂಪರು. ಬಿ.ಪಿ. ಇಳಿಯುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೂ ನಾನು ಎರಡು ಸಲ ಒಳಗೆ ಹೋಗಿ ಬಂದೆ. ಅವಳ ತಾಯಿ ನನ್ನ ಡಬ್ಬಿಯ ಒಣಗಿದ ರೊಟ್ಟಿಯನ್ನು ಮುರಿದು ನನಗೂ ಕೊಟ್ಟಳು.

ಮುಂದಿನ ಶನಿವಾರಕ್ಕೆ ಗುಡಿ ಓಣಿಯಿಂದ ಹೇಳಿ ಕಳಿಸಿದ್ದಾರೆ: ಉಪವಾಸದ ದಿನ ಬ್ಯಾಡ, ಬ್ಯಾರೆ ವಾರ ಮಾಡ್ರಿ. ಕೇಳಿದ್ದರಲ್ಲಿ ತಪ್ಪಿಲ್ಲ. ಬೇರೆ ವಾರ ವರಾಂಡ ಖಾಲಿಯಿಲ್ಲ. ಹೆಡ್‌ಮಾಸ್ತರರನ್ನು ಮತ್ತೆ ಕೇಳಬೇಕು, ಔರಾದಿಗೂ ಹೋಗಬೇಕು. ಅಲ್ಲಿಯವರೆಗೆ ಶನಿವಾರ ಕುರ್ಚಿ ವರಾಂಡದಲ್ಲೇ ಇರುತ್ತದೆ. ಅದರಲ್ಲಿ ನಾನು ಕೂರುವುದು ಮಾತ್ರ ಕಡಿಮೆ. ಬೆಂಚಿನ ಮೊದಲಿನಿಂದ ತುದಿಯವರೆಗೆ ಒಮ್ಮೆ ನಡೆದು, ಎಲ್ಲರ ಪಾದ ನೋಡಿದ ಮೇಲೆಯೇ ಪಾಳಿ ಶುರು.