ಹನ್ನೊಂದನೇ ಸಾಲಿನಲ್ಲಿದ್ದ ವಿಷಯ

ಸ್ಮಾರ್ಟ್‌ಫೋನು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ವರ್ಷಗಳಲ್ಲಿ ನಾನು ರಾಮನಗರದ ಕಾಲೇಜೊಂದರಲ್ಲಿ ಬಿ.ಕಾಂ. ತರಗತಿಗೆ ಬಿಸಿನೆಸ್ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಪತ್ರವೆಂದರೆ ಮೊದಲು ವಂದನೆ, ಆಮೇಲೆ ಹಿನ್ನೆಲೆ, ಕೊನೆಗೆ ವಿನಂತಿ. ಈ ಕ್ರಮ ತಪ್ಪಿದರೆ ಕೆಂಪು ಶಾಯಿಯಲ್ಲಿ ಗೀಚಿ ಹಾಕುತ್ತಿದ್ದೆ. ಯಾವ ಕಾರ್ಖಾನೆಯೊಳಗೂ ಒಮ್ಮೆಯೂ ಕಾಲಿಟ್ಟವನಲ್ಲ.

ಅಕ್ಕೂರಿನ ಶೋಭಾ ನನ್ನ ಕ್ರಮವನ್ನು ಚಾಚೂ ತಪ್ಪದೆ ಕಲಿತವಳು. ಪದವಿ ಮುಗಿಸಿ ಹೆದ್ದಾರಿ ಬದಿಯ ಕಾರ್ಖಾನೆಯೊಂದರ ಕಚೇರಿಗೆ ಸೇರಿದ್ದಳು. ಶಿಫ್ಟಿನವರು ಹೇಳಿದ ದೂರುಗಳನ್ನು ಮ್ಯಾನೇಜರಿಗೆ ಈಮೇಲ್ ಮಾಡುವುದು ಅವಳ ಕೆಲಸ.

ಒಂದು ದಿನ ಪ್ರಿಂಟ್‌ಔಟ್ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ವಾರ ತಗಡು ಒತ್ತುವ ಪ್ರೆಸ್ಸಿನ ಸೆನ್ಸರ್, ಅಂದರೆ ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಸಾಧನ, ಕೆಟ್ಟಿತ್ತು. ಇವಳು ಬೆಳಿಗ್ಗೆಯೇ ಈಮೇಲ್ ಕಳಿಸಿದ್ದಳು. ಮಧ್ಯಾಹ್ನ ಕೆಲಸಗಾರನೊಬ್ಬನ ಮೂರು ಬೆರಳು ಹೋದವು. ತನಗೆ ಯಾರೂ ತಿಳಿಸಲಿಲ್ಲ ಎಂದು ಮ್ಯಾನೇಜರ್ ಹೇಳಿದ್ದರಿಂದ ಇವಳ ಕೆಲಸ ಹೋಗುವುದರಲ್ಲಿತ್ತು.

"ನೀವು ಹೇಳ್ಕೊಟ್ಟಂಗೇ ಬರ್ದಿದ್ದೀನಿ ಸಾರ್. ಒಸಿ ಬಂದು ಅವ್ರಿಗೆ ಹೇಳ್ಬುಡಿ," ಅಂದಳು.

ಓದಿದೆ. ಒಂದೂ ತಪ್ಪಿರಲಿಲ್ಲ. ಪರೀಕ್ಷೆಯಾಗಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ. ಒಳಗೊಳಗೇ ಹೆಮ್ಮೆಪಡುತ್ತ ಅವಳ ಜೊತೆ ಹೊರಟೆ.

ಮ್ಯಾನೇಜರ್ ಚನ್ನಪಟ್ಟಣದ ಕಡೆಯವರು, ಸೌಮ್ಯವಾಗಿಯೇ ಮಾತಾಡಿದರು. ಈಮೇಲ್ ತೆರೆದು ತಮ್ಮ ಫೋನನ್ನು ನನ್ನ ಕೈಗಿಟ್ಟರು. ಶೀರ್ಷಿಕೆಯಲ್ಲಿ 'ಒಂದು ವಿನಂತಿ' ಎಂದಷ್ಟೇ ಇತ್ತು. ಅದರ ಕೆಳಗೆ ಪರದೆ ತುಂಬ ವಂದನೆ, ಹಿನ್ನೆಲೆ.

"ಓಡಾಡ್ತಾ ನೋಡೋನು ನಾನು. ಇದ್ರಲ್ಲಿ ವಿಷ್ಯ ಎಲ್ಲೈತೆ ತೋರ್ಸಿ ಮೇಷ್ಟ್ರೇ," ಅಂದರು.

ಬೆರಳಿನಿಂದ ಸರಿಸುತ್ತ ಹೋದೆ. ಹನ್ನೊಂದನೇ ಸಾಲಿನಲ್ಲಿ ಸಿಕ್ಕಿತು. ಶೋಭಾ ನನ್ನ ಮುಖವನ್ನೇ ನೋಡುತ್ತಿದ್ದಳು. ತಪ್ಪು ಕಲಿಸಿದವನು ನಾನು ಎಂದು ನಾಚುತ್ತಲೇ ಹೇಳಿದೆ, ಆದರೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ವಾರದೊಳಗೆ ಅವಳನ್ನು ಕೆಲಸದಿಂದ ತೆಗೆದರು.

ಬರೆಯುವವರ ಕೈ ತಿದ್ದುವ ಮೊದಲು, ಓದುವವರು ಎಲ್ಲಿ ನಿಂತು ಓದುತ್ತಾರೆಂದು ಹೋಗಿ ನೋಡಬೇಕು. ಇಷ್ಟನ್ನು ತಡವಾಗಿ ಕಲಿತೆ. ಪಠ್ಯ ಬದಲಿಸಿ ಎಂದು ವಿಶ್ವವಿದ್ಯಾಲಯಕ್ಕೆ ಬರೆದೆ, ಉತ್ತರ ಬರಲಿಲ್ಲ. ಆ ಪತ್ರವನ್ನೂ ಅಭ್ಯಾಸಬಲದಿಂದ ವಂದನೆ, ಹಿನ್ನೆಲೆಯಿಂದಲೇ ಶುರುಮಾಡಿದ್ದೆ.

ಮರುವರ್ಷ ಮೌಲ್ಯಮಾಪನಕ್ಕೆ ಕೂತಾಗ, ಯಾವುದೋ ಊರಿನ ವಿದ್ಯಾರ್ಥಿಯೊಬ್ಬ ಮೊದಲ ಸಾಲಿನಲ್ಲೇ ವಿಷಯ ಬರೆದಿದ್ದ. ಯಾವ ಭಾಗಕ್ಕೆ ಎಷ್ಟು ಅಂಕ ಎಂಬ ಪಟ್ಟಿ ನನ್ನ ಮುಂದಿತ್ತು. ವಂದನೆ, ಹಿನ್ನೆಲೆಗೆ ಎರಡು. ಅವನ ಎರಡು ಅಂಕ ಕಳೆದೆ.

ಗೊತ್ತಿಲ್ಲದೆ ಶೋಭಾಳಿಗೆ ತಪ್ಪು ಕಲಿಸಿದ್ದಕ್ಕೆ ನನ್ನನ್ನು ನಾನು ಕ್ಷಮಿಸಿಕೊಂಡೇನು. ಗೊತ್ತಾದ ಮೇಲೂ ಆ ಎರಡು ಅಂಕ ಕಳೆದದ್ದಕ್ಕೆ ಕ್ಷಮಿಸಿಕೊಳ್ಳಲು ಇವತ್ತಿಗೂ ಆಗಿಲ್ಲ.