ಮೂರನೇ ವೈರು

ಚಳ್ಳಕೆರೆಯಲ್ಲಿ ನಾನು ಹನ್ನೊಂದು ವರ್ಷ ದುಡಿದ ಗ್ಯಾರೇಜಿನ ಯಜಮಾನರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಅವರ ಹೆಸರು ನಿಂತಿದ್ದೇ ಕಿವಿಯ ಮೇಲೆ. ಕಾರಿನ ಎಂಜಿನ್ ಮಿಸ್ಸಿಂಗ್ ಹೊಡೆದರೆ, ಅಂದರೆ ನಾಲ್ಕು ಸಿಲಿಂಡರಿನಲ್ಲಿ ಒಂದು ಮೈಗಳ್ಳನಾದರೆ, ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಿದ್ದರು. ದುಡಿಯುವ ಸಿಲಿಂಡರಿನ ವೈರು ಕಿತ್ತರೆ ಸದ್ದು ಕುಗ್ಗುತ್ತದೆ. ಯಾವುದನ್ನು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಅದೇ ಕೆಟ್ಟದ್ದು. ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ಆ ಗೀಟಿಗೆ ಎದುರು ಮಾತಿಲ್ಲ. ಮೀಟರು ಹಾಕಿ ನೋಡೋಣ ಅಂದವರಿಗೆ, "ಕಿವಿ ಇಲ್ದೋರಿಗೆ ಬೇಕಲೇ ಮೀಟ್ರು" ಅನ್ನುತ್ತಿದ್ದರು.

ಆ ಕಿವಿ ಹೋಗಿ ಎರಡು ವರ್ಷವಾಗಿತ್ತು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ನಿಭಾಯಿಸುತ್ತಿದ್ದರು. ಗೊತ್ತಿದ್ದವನು ನಾನೊಬ್ಬನೇ. ಅವರು ವೈರು ಕೀಳುವಾಗ ಬಾನೆಟ್ಟಿನ ಆಚೆ ಬದಿ ನಿಂತು, ಕೆಟ್ಟ ಸಿಲಿಂಡರು ಬಂದ ಕೂಡಲೇ ತಲೆ ತಗ್ಗಿಸುತ್ತಿದ್ದೆ. ಅವರು ಗೀಟು ಎಳೆಯುತ್ತಿದ್ದರು. ಈ ಬಗ್ಗೆ ನಾವಿಬ್ಬರೂ ಒಂದು ದಿನವೂ ಬಾಯಿ ಬಿಟ್ಟವರಲ್ಲ.

ಒಂದು ಬೆಳಿಗ್ಗೆ ಮೊಳಕಾಲ್ಮೂರಿನ ಟ್ಯಾಕ್ಸಿಯವನು ಅಂಬಾಸಿಡರ್ ತಂದು ನಿಲ್ಲಿಸಿದ. ಸೀರೆ ಗಂಟು ಹೇರಿದರೆ ಏರು ಹತ್ತುತ್ತಿಲ್ಲ, ಪ್ಲಗ್ಗು ನಾಲ್ಕೂ ಹೊಸದು ಹಾಕಿದರೂ ಅಷ್ಟೇ ಅಂದ. ಆಮೇಲೆ ನನ್ನ ಕಡೆ ಕೈ ಮಾಡಿ, "ಇವ್ನಿಗೂ ಕೈ ಪಳಗೈತಲ್ಲ ಉಸ್ತಾದ್, ಇವ್ನೇ ನೋಡ್ಲಿ ಬಿಡ್ರಿ" ಅಂದ.

"ಇವ್ನಾ? ನಟ್ಟು ಬಿಗಿಯಾಕೆ ಲಾಯಕ್ಕು. ಇದಕ್ಕೆ ಕಿವಿ ಬೇಕಪ್ಪಾ, ಕಿವಿ!"

ನನ್ನ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷದಿಂದ ಯಾರ ಕಿವಿಯಲ್ಲಿ ಬದುಕ್ತಿದ್ದೀಯಲೇ ಮುದುಕಾ ಎಂದು ಒಳಗೊಳಗೇ ಬೈದೆ. ಉಂಡ ಮನೆಯ ಜಂತೆ ಎಣಿಸಬಾರದು ಅಂತ ಅವ್ವ ಹೇಳುತ್ತಿದ್ದಳು. ಅವತ್ತು ಎಣಿಸಿದೆ.

ಮೂರನೇ ವೈರು ಕಿತ್ತಾಗ ಸದ್ದು ಚೂರೂ ಕುಗ್ಗಲಿಲ್ಲ. ನಾನು ತಲೆ ತಗ್ಗಿಸಲಿಲ್ಲ. ರಸ್ತೆ ನೋಡುತ್ತಾ ನಿಂತೆ. ಅವರು ಮತ್ತೊಂದು ಸಲ ನಾಲ್ಕನ್ನೂ ಕಿತ್ತು ನನ್ನ ಮುಖವನ್ನೇ ನೋಡಿದರು. ಕೊನೆಗೆ ಎರಡನೇದರ ಮೇಲೆ ಗೀಟು ಎಳೆದರು.

"ಮೂರಲ್ವೇನ್ರೀ? ನಂಗೇ ಗೊತ್ತಾತು" ಅಂದ ಟ್ಯಾಕ್ಸಿಯವನು.

"ನನಗಿಂತ ದೊಡ್ಡ ಕಿವಿಯೇನಲೇ ನಿಂದು? ಎರಡನೇದ್ರ ವಾಲ್ವ್ ಸುಟ್ಟೈತೆ. ಬಿಚ್ಚಿದ್ಮೇಲೆ ನೋಡು!"

ಮಧ್ಯಾಹ್ನ ಎಂಜಿನ್ನಿನ ಹೆಡ್ಡು ಬಿಚ್ಚಿ ಬೆಂಚಿನ ಮೇಲೆ ಅಂಗಾತ ಇಟ್ಟೆವು. ಎರಡನೇದರ ವಾಲ್ವುಗಳು ಚೊಕ್ಕಟವಾಗಿದ್ದವು. ಮೂರನೇದರಲ್ಲಿ ಒಂದರ ಅಂಚು ಇಲಿ ಕಡಿದ ರೊಟ್ಟಿಯ ಹಾಗೆ ಸುಟ್ಟುಹೋಗಿತ್ತು.

"ಏನ್ ಉಸ್ತಾದ್, ಗೀಟು ತಪ್ತಲ್ಲಾ!" ಟ್ಯಾಕ್ಸಿಯವನು ಬೀದಿಗೆಲ್ಲ ಕೇಳುವಂತೆ ನಕ್ಕ. ಅಕ್ಕಪಕ್ಕದ ಅಂಗಡಿಯವರೂ ಬಂದು ಬಗ್ಗಿ ನೋಡಿದರು.

ಉಸ್ತಾದ್ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಿಂಗೆ ಕೇಳಿಸಿತ್ತೇನಲೇ?"

"ಕೇಳಿಸಿತ್ತು" ಅಂದೆ, ತಲೆ ತಗ್ಗಿಸಿ. ಬೇಕಾದಾಗ ತಗ್ಗದ ಹಾಳು ತಲೆ ಈಗ ತಗ್ಗಿತ್ತು. ಅವರಿಗೆ ನನ್ನ ತುಟಿ ಕಾಣಲಿಲ್ಲ.

"ಆಂ?"

ಇನ್ನೊಮ್ಮೆ ಹೇಳಿದೆ. ಅವರು ಕಿವಿಗೆ ಕೈ ಹಚ್ಚಿ ಮತ್ತೆ "ಆಂ?" ಅಂದರು.

"ಕೇಳಿಸಿತ್ತು ಉಸ್ತಾದ್!" ಎಂದು ಕೂಗಿಬಿಟ್ಟೆ.

ಟ್ಯಾಕ್ಸಿಯವನ ನಗು ನಿಂತಿತು. ಅಲ್ಲಿದ್ದವರೆಲ್ಲ ಅವರ ಕಿವಿಯನ್ನೇ ನೋಡುತ್ತಿದ್ದರು. ಉಸ್ತಾದ್ ಜೇಬಿನಿಂದ ಸೀಮೆಸುಣ್ಣ ತೆಗೆದು ಬೆಂಚಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು.